ಹುಳಿಯತ್ತೆಯ ನೂಲು

ಅವಳು ಬೀದಿಯ ತಿರುವಿನಲ್ಲಿರುವಾಗಲೇ ಅವಳ ಭಾವನಿಗೆ ಗೊತ್ತಾಗುತ್ತಿತ್ತು. ಗಡಿಯಾರ ರಿಪೇರಿ ಮಾಡಿ ಮಾಡಿ ಅವನ ಕಣ್ಣು ಮಂಜಾಗಿತ್ತು. ಮೂಗು ಮಾತ್ರ ಚುರುಕಾಗಿಯೇ ಉಳಿದಿತ್ತು. "ಹುಳಿ ಬಂತು, ತಟ್ಟೆ ಹಾಕು" ಎಂದು ಒಳಗೆ ಕೂಗುತ್ತಿದ್ದ. ಹೊಲಿಗೆ ಯಂತ್ರದ ಮುಂದೆ ಕೂತ ಅಕ್ಕ ತಲೆ ಎತ್ತದೆ, "ಕೈಕಾಲು ತೊಳ್ಕೊಂಡು ಒಳಗೆ ಬಾ ಅನ್ನಿ. ಮೊನ್ನೆ ಗಿರಾಕಿಯೊಬ್ಬಳು ಅಂಗಿ ಮೂಸಿ ನೋಡಿ, ಏನ್ರೀ ಇದನ್ನ ಹೊಲಿದ್ರಾ ಇಲ್ಲಾ ಭರಣಿಲಿ ಊರಿಟ್ಟಿದ್ರಾ ಅಂದಳು" ಎನ್ನುತ್ತಿದ್ದಳು.

ಅದು ಆಮ್ಲದ ವಾಸನೆ. ಬಂದರಿನಲ್ಲಿ ಬಿಸಾಡುವ ಏಡಿ ಚಿಪ್ಪನ್ನು ತೊಳೆದು ಕ್ಷಾರದಲ್ಲಿ ಬೇಯಿಸಿದರೆ ಬಿಳಿಯ ಚಕ್ಕೆಗಳು ಉಳಿಯುತ್ತವೆ. ಅವು ನೀರಿಗೆ ಕರಗುವುದಿಲ್ಲ, ವಿನಿಗರ್‌ನಂಥ ಹುಳಿಗೆ ಕರಗುತ್ತವೆ. ನಾರು ಸಂಶೋಧನಾ ಸಂಸ್ಥೆಯ ನೂಲು ವಿಭಾಗದಲ್ಲಿ ಅವಳು ಮಾಡುತ್ತಿದ್ದ ಕೆಲಸವೇ ಅದು. ಮರದ ತಿರುಳನ್ನು ಕರಗಿಸಿ ಜೇನಿನಷ್ಟು ಮಂದವಾದ ಪಾಕ ಮಾಡಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಬಿಲ್ಲೆಯಿಂದ ಅದನ್ನು ತೊಟ್ಟಿಯೊಳಕ್ಕೆ ಒತ್ತಬೇಕು. ತೊಟ್ಟಿಯ ದ್ರಾವಣ ತಾಗಿದ ಕೂಡಲೇ ಪಾಕ ನೂಲಾಗುತ್ತದೆ. ಆ ನೂಲು ಒಣಗುವ ಮೊದಲೇ ಅದನ್ನು ಚಿಪ್ಪಿನ ಹುಳಿ ತೊಟ್ಟಿಯಲ್ಲಿ ಹಾಯಿಸಿ ಮೈತುಂಬ ಲೇಪ ಕೂರಿಸಬೇಕು. ಈ ಎರಡನೆಯ ತೊಟ್ಟಿ ಅವಳದು. ಅಕ್ಕನ ಮನೆಗೆ ಬಟ್ಟೆ ಒಯ್ಯಲು ಬರುತ್ತಿದ್ದ ಬೀದಿಯ ಮಕ್ಕಳು ಅವಳಿಗೆ ಹುಳಿಯತ್ತೆ ಎಂದು ಹೆಸರಿಟ್ಟವು. ಸಂಸ್ಥೆಯಲ್ಲೂ ಅದೇ ನಿಂತಿತು.

ನಾನು ಅಲ್ಲಿಯೇ ಪರೀಕ್ಷಾ ವಿಭಾಗದಲ್ಲಿದ್ದೆ. ಅವಳ ನೂಲನ್ನು ಎಳೆದು, ನೆನೆಸಿ, ಹರಿದು ನೋಡುವುದು ನಮ್ಮ ಪಾಲಿನ ಕೆಲಸ. ಅವಳನ್ನು ಪ್ರತಿಭಾವಂತೆ ಎಂದರೆ ಸುಳ್ಳಾಗುತ್ತದೆ. ಅವಳಿಗಿಂತ ಬುದ್ಧಿವಂತರು ಆ ಕಟ್ಟಡದಲ್ಲಿ ಬೇಕಾದಷ್ಟು ಜನ ಇದ್ದರು. ಎರಡು ಸಲ ಸೋತರೆ ಮೂರನೆಯ ಸಲ ಬೇರೆ ವಿಷಯ ಹಿಡಿಯುವಷ್ಟು ಬುದ್ಧಿವಂತರು. ಅವಳು ಹಿಡಿದದ್ದನ್ನು ಬಿಡುತ್ತಿರಲಿಲ್ಲ, ಅಷ್ಟೆ. ಉಡದ ಪಟ್ಟು. ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ಅದಕ್ಕೆ ನೂಲು ಕಾರಣವಲ್ಲ, ಯಾರೂ ಕೇಳಲಿಲ್ಲ. ಕೇಳಿದ ಒಬ್ಬನನ್ನು ಅಕ್ಕ ಒಪ್ಪಲಿಲ್ಲ.

ತಾಯಿತಂದೆ ಹೋದ ಮೇಲೆ ಅವಳನ್ನು ಸಾಕಿ ಓದಿಸಿದ್ದು ಅಕ್ಕ. ಹಾಗೆಂದು ಅಕ್ಕನದು ಕರಗುವ ಮನಸ್ಸೇನಲ್ಲ. ಬೀದಿಯವರು ಅವಳ ಕತ್ತರಿಗಿಂತ ನಾಲಿಗೆಗೆ ಹೆಚ್ಚು ಹೆದರುತ್ತಿದ್ದರು. ಆ ಅಕ್ಕನಿಗೆ ನಡುವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದು ಪಾದಗಳ ಸ್ಪರ್ಶ ಹೋಯಿತು. ಒಮ್ಮೆ ಮುರಿದ ಸೂಜಿಯೊಂದು ಅಂಗಾಲಿಗೆ ನೆಟ್ಟು, ಸಂಜೆ ನೆಲದ ಮೇಲೆ ರಕ್ತದ ಗುರುತು ಕಂಡ ಮೇಲೆಯೇ ಅವಳಿಗೆ ತಿಳಿದದ್ದು. ಯಂತ್ರದ ಪೆಡಲಿಗೆ ಉಜ್ಜಿ ಉಜ್ಜಿ ಬಲಗಾಲಿನ ಹಿಮ್ಮಡಿಯಲ್ಲಿ ಹುಣ್ಣಾಯಿತು. ಅದು ಮಾಯುವುದು, ಮತ್ತೆ ಬಾಯಿ ಬಿಡುವುದು. ದಿನವೂ ಭಾವ ತೊಳೆದು ಬಟ್ಟೆ ಕಟ್ಟುತ್ತಿದ್ದ. ಕಟ್ಟಿದ ಬಟ್ಟೆ ಹುಣ್ಣಿಗೆ ಅಂಟಿಕೊಂಡು, ಬಿಚ್ಚುವಾಗ ಆಗತಾನೆ ಹುಟ್ಟಿದ ಚರ್ಮವನ್ನೂ ಕಿತ್ತುಕೊಂಡೇ ಬರುತ್ತಿತ್ತು. ಬಾವಿ ತೋಡಿದವರೇ ಮತ್ತೆ ಮಣ್ಣು ತುಂಬಿದ ಹಾಗೆ.

ಹುಳಿಯತ್ತೆಯ ನೂಲು ಇದಕ್ಕಾಗಿಯೇ ಇತ್ತು. ಗಾಯದ ರಸ ತಾಗಿದರೆ ಅದು ಉಬ್ಬಿ ಲೋಳೆಯಾಗುತ್ತಿತ್ತು, ಅಂಟುತ್ತಿರಲಿಲ್ಲ, ಇಡಿಯಾಗಿ ಎದ್ದು ಬರುತ್ತಿತ್ತು. ಚಿಪ್ಪಿನ ಲೇಪ ಸೋಂಕನ್ನು ತಡೆಯುತ್ತಿತ್ತು. ನಮ್ಮ ಮೇಜಿನ ಮೇಲೆ ಇದೆಲ್ಲ ಸರಿಯಾಗಿಯೇ ಕಂಡಿತ್ತು. ಊಟಕ್ಕೆ ಕೂತಾಗಲೆಲ್ಲ ಅವಳು ಹೇಳುತ್ತಿದ್ದದ್ದು ಅದೊಂದೇ: "ನಿನ್ನ ಹಿಮ್ಮಡಿಗೆ ನನ್ನ ನೂಲೇ ಮದ್ದು, ಅಕ್ಕ."

"ನಿನ್ನ ನೂಲು ಬರೋ ಹೊತ್ತಿಗೆ ನನ್ನ ಕಾಲು ಇರ್ಬೇಕಲ್ಲ" ಎನ್ನುತ್ತಿದ್ದಳು ಅಕ್ಕ. "ಅಷ್ಟೊಂದು ಗುಣ ಇದ್ರೆ ಒಂದು ಹಿಡಿ ಚೀಲದಲ್ಲಿ ಹಾಕ್ಕೊಂಡು ಬಾರೆ. ಯಾರು ನೋಡ್ತಾರೆ?"

"ಪರೀಕ್ಷೆ ಆಗದೆ ಇದ್ದದ್ದನ್ನ ನಿನ್ನ ಕಾಲಿಗೆ ಹಾಕಲ್ಲ."

"ನೋಡ್ರೀ, ಇವಳನ್ನ ಓದಿಸಿದ್ದಕ್ಕೆ ಇದು ಫಲ. ಕದಿಯೋದೂ ಬರಲ್ಲ."

ಭಾವ ನಗುತ್ತಿದ್ದ. ಆದರೆ ಆ ಮನುಷ್ಯ ಅವಳ ಮಾತನ್ನು ನಂಬಿದ್ದ. ಅವಳ ನೂಲು ಬಂದರೆ ಹುಣ್ಣು ಮಾಯುತ್ತದೆ ಎಂದು ಬರುವ ಹೋಗುವ ಗಿರಾಕಿಗಳಿಗೂ ಹೇಳುತ್ತಿದ್ದ. ಈ ನಂಬಿಕೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಕೊನೆಗೂ ಆಸ್ಪತ್ರೆಯೊಂದು ನೂಲನ್ನು ರೋಗಿಗಳ ಮೇಲೆ ಪರೀಕ್ಷಿಸಲು ಒಪ್ಪಿತು. ಮಾಯದ ಹುಣ್ಣಿನವರನ್ನು ಆರಿಸಿದರು. ಅವರಲ್ಲಿ ಅಕ್ಕನೂ ಒಬ್ಬಳು. ಹುಳಿಯತ್ತೆ ನೂಲನ್ನು ಹತ್ತಿಯ ಹಾಗೆ ಹಿಂಜಿ, ಹಾಳೆಗಳಾಗಿ ಒತ್ತಿ ಕಳುಹಿಸಿದಳು. ಪರೀಕ್ಷೆಯ ಬೆಳಿಗ್ಗೆ ನಾವು ಹೋಗಿ ನೋಡಿದರೆ ತಟ್ಟೆಯಲ್ಲಿದ್ದದ್ದು ನಮ್ಮ ನೂಲೇ ಅಲ್ಲ. ಹಳದಿಗಟ್ಟಿ, ಒರಟಾಗಿ, ಸವೆದ ಪೊರಕೆಯ ಹಾಗೆ ಬಿದ್ದಿತ್ತು. ಅದನ್ನಾಗಲೇ ಕೆಲವರಿಗೆ ಕಟ್ಟಿಯೂ ಆಗಿತ್ತು. ಒಬ್ಬ ಮುದುಕ ಮುಳ್ಳು ಕಟ್ಟಿದ್ದೀರಿ ಎಂದು ಬೈಯುತ್ತಿದ್ದ. ಅಕ್ಕ ಬೈಯಲಿಲ್ಲ. ಅವಳಿಗೆ ಏನೂ ತಿಳಿಯುವಂತಿರಲಿಲ್ಲ. ಅವಳ ಹಿಮ್ಮಡಿಯಿಂದ ರಕ್ತ ಜಿನುಗುತ್ತಿತ್ತು.

"ಏನು ಮಾಡಿದ್ರಿ ಇದಕ್ಕೆ?" ಎಂದಳು ಹುಳಿಯತ್ತೆ.

"ಏನು ಮಾಡೋದು, ಎಲ್ಲಾದಕ್ಕೂ ಮಾಡೋದನ್ನೇ ಮಾಡಿದ್ವಿ" ಎಂದಳು ವಾರ್ಡಿನ ಹಿರಿಯ ನರ್ಸು. "ಉಗಿಲಿ ಬೇಯಿಸಿದ್ವಿ. ಇಲ್ಲಿಗೆ ಬಂದದ್ದೆಲ್ಲ ಬೇಯಲೇಬೇಕು ಮೇಡಂ. ಡಾಕ್ಟರ ಟೋಪಿನೂ ಬೇಯುತ್ತೆ. ಬೇಯಿಸಬಾರದು ಅಂತ ನೀವೇನಾದ್ರೂ ಹೇಳಿದ್ರಾ?"

ಹೇಳಿರಲಿಲ್ಲ. ಹೇಳಬೇಕೆಂದು ನಮ್ಮ ಸಂಸ್ಥೆಯ ಇಡೀ ಕಟ್ಟಡದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಮ್ಮಲ್ಲಿ ನೂಲು ಒಣಗಿ ಒಂದಕ್ಕೊಂದು ಅಂಟಬಾರದೆಂದು ಅದನ್ನು ಯಾವಾಗಲೂ ಸ್ಪಿರಿಟ್ಟಿನ ಜಾಡಿಯಲ್ಲಿ ಮುಳುಗಿಸಿ ಇಡುವುದು ಪದ್ಧತಿ. ಸ್ಪಿರಿಟ್ಟಿನಲ್ಲಿ ಮುಳುಗಿದ್ದಕ್ಕೆ ಸೋಂಕೆಲ್ಲಿಂದ ಬರಬೇಕು? ವರ್ಷಗಟ್ಟಲೆ ಅದನ್ನು ಜಾಡಿಯಿಂದ ತೆಗೆದು ಜಾಡಿಗೆ ಹಾಕಿದವರಿಗೆ, ಹೊರಗಿನವರು ಅದನ್ನು ಹೇಗೆ ಶುದ್ಧ ಮಾಡುತ್ತಾರೆ ಎಂಬ ಪ್ರಶ್ನೆಯೇ ಹುಟ್ಟಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಈ ನೂಲಿನ ಗುಣ ಒಂದು ಸಲ ಬೆಂದರೆ ಸಾಕು, ಹೋಗುತ್ತದೆ.

ಅಂದು ಮಧ್ಯಾಹ್ನವೇ ಆಸ್ಪತ್ರೆ ಪರೀಕ್ಷೆಯನ್ನು ನಿಲ್ಲಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹುಳಿಯತ್ತೆ ನಿರ್ದೇಶಕನ ಕೋಣೆಗೆ ಹೋದಳು. ಉಗಿ ಬೇಡ, ಕಿರಣ ಹಾಯಿಸಿ ಶುದ್ಧ ಮಾಡಬಹುದು, ಇನ್ನೊಂದು ಅವಕಾಶ ಕೇಳಿ ಎಂದಳು. ನಿರ್ದೇಶಕ ಕೆಟ್ಟವನಲ್ಲ. ಅವನಿಗೂ ಮೇಲಿನವರಿಗೆ ತೋರಿಸಲು ಏನಾದರೂ ಬೇಕಿತ್ತು.

"ಆ ಆಸ್ಪತ್ರೆ ಬಾಗಿಲು ಮತ್ತೆ ತೆಗೆಯಲ್ಲಮ್ಮ. ಗಾಯಕ್ಕೆ ಹೋಗೋ ದಾರಿ ಉದ್ದ. ಪಾದಕ್ಕೆ ಹೋಗೋ ದಾರಿ ಹತ್ತಿರ. ಕಾಲುಚೀಲದ ಕಂಪನಿಯವರು ಬಂದು ಕೂತಿದಾರೆ. ವಾಸನೆ ಬರದ ಕಾಲುಚೀಲ ಬೇಕಂತೆ ಅವರಿಗೆ. ನಿನ್ನ ನೂಲು ಅರ್ಧ ಕೆಲಸ ಈಗಲೇ ಮಾಡುತ್ತೆ."

"ಕಾಲುಚೀಲ!"

"ಯಾಕೆ, ಕಾಲುಚೀಲ ಹಾಕ್ಕೊಳ್ಳೋರು ಮನುಷ್ಯರಲ್ವಾ? ಮೊದಲು ಅದು ಆಗಲಿ. ಹೆಸರು ಬರುತ್ತೆ. ಆಮೇಲೆ ಹುಣ್ಣು ನೋಡೋಣ."

ಆಮೇಲೆ ಎಂಬ ಮಾತನ್ನು ನಂಬಿದವರು ಜಗತ್ತಿನಲ್ಲಿ ಅವಳೊಬ್ಬಳೇ ಅಲ್ಲ. ಅವಳು ಒಪ್ಪಿದಳು. ಒಪ್ಪಿದ ಮೇಲೆ ಅದನ್ನೂ ಅದೇ ಹಟದಿಂದಲೇ ಮಾಡಿದಳು. ತಿರುಳಿನ ಪಾಕಕ್ಕೇ ಸತುವಿನ ನುಣುಪು ಪುಡಿ ಬೆರೆಸಿದಳು. ಚಿಪ್ಪಿನ ಲೇಪವನ್ನು ತೆಳುವಾಗಿಸಿದಳು. ಕಂಪನಿಯವರು ಮೆದು ಮಾಡುವ ಎಣ್ಣೆಯಂಥದೊಂದನ್ನು ಮೇಲೆ ಬಳಿಸಿದರು. ಈಗ ನೂಲು ಉಬ್ಬುತ್ತಿರಲಿಲ್ಲ, ಲೋಳೆಯಾಗುತ್ತಿರಲಿಲ್ಲ, ರಸವನ್ನು ಹೀರುತ್ತಲೂ ಇರಲಿಲ್ಲ. ವಾಸನೆಯನ್ನು ಮಾತ್ರ ನುಂಗುತ್ತಿತ್ತು.

ಅದರ ಪರೀಕ್ಷೆಯೂ ನಮ್ಮ ವಿಭಾಗದಲ್ಲಿಯೇ ನಡೆಯಿತು. ಕೊಳೆತ ಮೀನಿನ ನೀರನ್ನು ಎರಡು ಜಾಡಿಗೆ ಹಾಕಿ, ಒಂದರಲ್ಲಿ ಈ ಬಟ್ಟೆಯ ತುಂಡನ್ನು ತೂಗುಬಿಟ್ಟು ಮುಚ್ಚಿಟ್ಟೆವು. ಮರುದಿನ ಸಾಲಾಗಿ ಕೂತವರಿಗೆ ಮೂಸಲು ಕೊಟ್ಟೆವು. ಬಟ್ಟೆಯಿಲ್ಲದ ಮೊದಲನೆಯ ಜಾಡಿಗೆ ಒಬ್ಬಳು ಹೊರಗೋಡಿ ವಾಂತಿ ಮಾಡಿದಳು. ಎರಡನೆಯದನ್ನು ಎಲ್ಲರೂ ಮೂಸಿ, ಮತ್ತೆ ಮೂಸಿ, "ಖಾಲಿ ಜಾಡಿ ಕೊಟ್ಟು ತಮಾಷೆ ಮಾಡ್ತಿದೀರಾ?" ಎಂದರು. ಕಂಪನಿಯವರು ಚಪ್ಪಾಳೆ ತಟ್ಟಿದರು. ಜಾಡಿಯೊಳಗೆ ಮೀನು ಕೊಳೆತೇ ಇತ್ತು.

ಮೊದಲ ಕಾಲುಚೀಲಗಳ ಒಂದು ಪೆಟ್ಟಿಗೆಯನ್ನು ಅವಳಿಗೂ ಕೊಟ್ಟರು. ಪ್ಯಾಕೆಟ್ಟಿನ ಮೇಲೆ ಹಸಿರೆಲೆಯ ಚಿತ್ರ, ಕೆಳಗೆ "ದಣಿದ ಪಾದಕ್ಕೆ ಪ್ರಕೃತಿಯ ಆರೈಕೆ" ಎಂಬ ಬರಹ. ಅಕ್ಕ ಅದನ್ನು ತಿರುಗಿಸಿ ನೋಡಿ, "ಏಡಿ ಚಿತ್ರ ಯಾಕೆ ಹಾಕಿಲ್ಲ? ಕಚ್ಚುತ್ತೆ ಅಂತ ಯಾರೂ ಕೊಳ್ಳಲ್ಲ ಅಂತಲೋ?" ಎಂದಳು. ಹುಳಿಯತ್ತೆಗೆ ಆ ಪೆಟ್ಟಿಗೆಯನ್ನು ನೋಡಲೂ ಮನಸ್ಸಿರಲಿಲ್ಲ. ಹೊಲಿಗೆ ಕೋಣೆಯ ಕಪಾಟಿನ ಮೇಲೆ ಎಸೆದಳು. ಮರುದಿನ ಕಂಪನಿಯ ಕಾರ್ಖಾನೆಯಲ್ಲಿ ದೊಡ್ಡ ತೊಟ್ಟಿಗಳನ್ನು ನಡೆಸಿ ತೋರಿಸಲು ಬೇರೆ ಊರಿಗೆ ಹೋದಳು. ಆ ಕೆಲಸ ತಿಂಗಳುಗಟ್ಟಲೆ ಹಿಡಿಯಿತು. ಫೋನು ಮಾಡಿದಾಗಲೆಲ್ಲ ಭಾವ, "ಕಾಲು ಚೆನ್ನಾಗಿದೆ, ನೀನು ನೆಮ್ಮದಿಯಾಗಿ ಕೆಲಸ ಮಾಡು" ಎನ್ನುತ್ತಿದ್ದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಹುಣ್ಣು ನೋಡುತ್ತಿದ್ದ ವೈದ್ಯ ಹಿಂದೆಯೇ ಅವನಿಗೆ ಹೇಳಿದ್ದ: "ನಿಮಗೆ ಕಣ್ಣು ಸರಿಯಾಗಿ ಕಾಣಲ್ಲ, ಅವರಿಗೆ ನೋವು ಗೊತ್ತಾಗಲ್ಲ. ಮೂಗನ್ನ ನಂಬಿ. ಕೆಟ್ಟ ವಾಸನೆ ಬಂತೋ, ಅವತ್ತೇ ಕರಕೊಂಡು ಬನ್ನಿ." ಅದರಂತೆ ಅವನು ಬೆಳಿಗ್ಗೆ ಸಂಜೆ ಬಗ್ಗಿ ಮೂಸಿ ನೋಡುತ್ತಿದ್ದ. ಹಿಂದೆ ಎರಡು ಸಲ ಆ ಮೂಗೇ ಹುಣ್ಣು ಕೆಡುವುದನ್ನು ಮೊದಲು ಹಿಡಿದು ಕಾಲನ್ನು ಉಳಿಸಿತ್ತು.

ಹುಳಿಯತ್ತೆ ಹಿಂದಿರುಗಿದ್ದು ಒಂದು ಸಂಜೆ. ಬಾಗಿಲು ದಾಟಿ ಒಳಗೆ ಬಂದರೂ ಭಾವ ಕೂಗಲಿಲ್ಲ.

"ಯಾರು?" ಎಂದ.

"ನಾನು ಭಾವ."

"ಅರೆ, ಗೊತ್ತೇ ಆಗಲಿಲ್ಲ. ಹುಳಿ ಎಲ್ಲೋಯ್ತು?"

"ಅಲ್ಲಿ ಕೂಲಿಯೋರು ತೊಟ್ಟಿ ನೋಡ್ಕೋತಾರೆ. ನಾನು ಗಾಜಿನ ಈಚೆ ನಿಂತು ಕೈ ತೋರಿಸೋದು ಅಷ್ಟೆ."

ಅಕ್ಕ ಯಂತ್ರದ ಮುಂದೆ ಕೂತಿದ್ದಳು. ಮುಖ ಕೆಂಪಾಗಿತ್ತು, ಜ್ವರವಿದ್ದಂತೆ. "ನೋಡು, ನಿನ್ನ ಮದ್ದು ಕೊನೆಗೂ ಬಂತಲ್ಲ" ಎಂದು ಪೆಡಲಿನ ಮೇಲಿದ್ದ ಪಾದವನ್ನು ಮುಂದೆ ಚಾಚಿದಳು. ಕಾಲಿನಲ್ಲಿ ಬೂದು ಬಣ್ಣದ ಕಾಲುಚೀಲ.

"ಇದನ್ನ ಯಾರು ಹಾಕಿದ್ದು?"

"ನಾನೇ" ಎಂದ ಭಾವ ಹೆಮ್ಮೆಯಿಂದ. "ನೀನು ಪೆಟ್ಟಿಗೆ ಮರೆತು ಹೋಗಿದ್ದೆ. ನಿನ್ನ ನೂಲಲ್ವಾ ಅಂತ ಒಂದು ದಿನ ಹಾಕಿ ನೋಡಿದೆ. ಹುಳಿಯಮ್ಮ, ಆವತ್ತಿಂದ ಒಂದು ಚೂರು ವಾಸನೆ ಇಲ್ಲ! ಬಟ್ಟೆ ಕಟ್ಟೋದು, ಕಿತ್ತುಹೋಗೋದು, ಆ ಗೋಳೇ ಇಲ್ಲ. ಅದನ್ನ ಬಿಚ್ಚಿ ಗಾಳಿ ಆಡಿಸೋದು ಬೇಡ ಅಂತ ಈಚೆಗೆ ವಾರಗಟ್ಟಲೆ ಬಿಚ್ಚೋಕೂ ಹೋಗಿಲ್ಲ. ಮೇಲಿಂದ್ಲೇ ಮೂಸಿ ನೋಡ್ತೀನಿ. ಮಾಯ್ತಾ ಇದೆ."

ಅವಳು ನೆಲದ ಮೇಲೆ ಕೂತು ಅಕ್ಕನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕಾಲುಚೀಲ ಸಲೀಸಾಗಿ ಬರಲಿಲ್ಲ. ಹಿಮ್ಮಡಿಯ ಹತ್ತಿರ ಒದ್ದೆಯಾಗಿ ಹಿಡಿದುಕೊಂಡಿತ್ತು. ಅದನ್ನು ಬಿಚ್ಚಿ ಪಕ್ಕಕ್ಕಿಟ್ಟ ಮೇಲೆಯೇ ಕೋಣೆಯೊಳಗೆ ವಾಸನೆ ಎದ್ದದ್ದು. ಭಾವ ಕೂತಲ್ಲಿಂದ ಎದ್ದುಬಿಟ್ಟ. ಹಿಮ್ಮಡಿ ಕಪ್ಪಾಗಿತ್ತು. ಕಪ್ಪು ಕಣಕಾಲಿನ ತನಕ ಏರಿತ್ತು. ನಡುವೆ ಬಿಳಿಯಾಗಿ ಕಂಡದ್ದು ಮೂಳೆ.

"ಏನೇ ಅದು?" ಎಂದಳು ಅಕ್ಕ. ಅವಳಿಗೆ ಬಗ್ಗಿ ನೋಡಲು ಆಗುತ್ತಿರಲಿಲ್ಲ.

"ಆಸ್ಪತ್ರೆಗೆ ಹೋಗೋಣ ನಡಿ."

"ಈ ಅಂಗಿಗೆ ತೋಳು ಕೂರಿಸೋದು ಒಂದು ಬಾಕಿ ಇದೆ."

"ಅಕ್ಕ, ಏಳು."

ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಒಂದೆರಡು ವಾರ ಮೊದಲು ಬಂದಿದ್ದರೆ ಹಿಮ್ಮಡಿಯನ್ನಷ್ಟೇ ಕೆರೆದು ಕಾಲನ್ನು ಉಳಿಸಬಹುದಿತ್ತೋ ಏನೋ ಎಂದು ವೈದ್ಯ ಹೇಳಿದ. ವೈದ್ಯರಿಗೆ ಇಂಥ ಮಾತನ್ನು ಬಾಯಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ. ಹೊರಗಿನ ಬೆಂಚಿನ ಮೇಲೆ ಭಾವ ಅದನ್ನೇ ಜಪದ ಹಾಗೆ ಹೇಳಿಕೊಳ್ಳುತ್ತಿದ್ದ.

"ನಾನು ಸರಿಯಾಗಿ ಮೂಸಲಿಲ್ವೇನೋ. ಇಲ್ಲಾ ಆ ಚೀಲ ಸರಿಯಾಗಿ ಒಗೀಲಿಲ್ವೇನೋ. ಮೂಗೂ ಹೋಯ್ತೇನೋ ನಂದು. ನಿನ್ನ ನೂಲು ಎಷ್ಟು ಚೆನ್ನಾಗಿತ್ತು, ನಾನೇ ಏನೋ ಹಾಳು ಮಾಡಿದೆ."

ಹುಳಿಯತ್ತೆ ಸುಮ್ಮನಿರಬಹುದಿತ್ತು. ಅವಳ ಜಾಗದಲ್ಲಿ ಹೆಚ್ಚಿನವರು ಸುಮ್ಮನಿರುತ್ತಿದ್ದರು, ಮುದುಕನ ಮೇಲೆ ಕರುಣೆ ಎಂದು ಅದಕ್ಕೊಂದು ಹೆಸರನ್ನೂ ಇಟ್ಟುಕೊಳ್ಳುತ್ತಿದ್ದರು. ಅವಳು ಹೇಳಿದಳು.

"ನಿಮ್ಮ ಮೂಗು ಸರಿಯಾಗೇ ಇದೆ, ಭಾವ. ನೀವು ಒಗೆದದ್ದೂ ಸರಿ. ಅದು ಗಾಯದ ನೂಲಲ್ಲ. ವಾಸನೆ ಮುಚ್ಚೋದಕ್ಕೆ ಅಂತಲೇ ಮಾಡಿದ ನೂಲು. ಒಳಗೆ ಏನು ಕೊಳೆತರೂ ಹೊರಗೆ ಗೊತ್ತಾಗಬಾರದು, ಅದೇ ಅದರ ಕೆಲಸ. ನೂಲು ಕೆಲಸ ಸರಿಯಾಗೇ ಮಾಡಿದೆ."

ಭಾವ ತನ್ನ ಕೈಗಳನ್ನು ನೋಡಿಕೊಂಡು, "ಮತ್ತೆ ಅದನ್ನ ಮನೆಯಲ್ಲಿ ಯಾಕೆ ಇಟ್ಟು ಹೋದೆ?" ಎಂದ.

ಆ ದಿನದಿಂದ ಭಾವ ಅವಳು ಬರುವುದು ಗೊತ್ತಾದರೂ ಕೂಗುವುದನ್ನು ಬಿಟ್ಟ. ಅವಳು ಸಂಸ್ಥೆಯ ಹಳೆಯ ತೊಟ್ಟಿಗೆ ಮರಳಿದ್ದಳು. ಬಟ್ಟೆಗೆ ಹುಳಿಯೂ ಮರಳಿತ್ತು. ಬೀದಿಯ ತಿರುವಿನಿಂದ ಅದು ಬರುತ್ತಿದ್ದಂತೆ ಅವನು ಎದ್ದು ಹಿತ್ತಲಿಗೆ ಹೋಗುತ್ತಿದ್ದ.

ಅವಳು ನಿರ್ದೇಶಕನನ್ನು ಇನ್ನೊಮ್ಮೆ ಕಂಡಳು. ಗಾಯವಿದ್ದವರು ಇದನ್ನು ತೊಡಬಾರದು ಎಂದು ಪ್ಯಾಕೆಟ್ಟಿನ ಮೇಲೆ ಒಂದು ಸಾಲು ಹಾಕಿಸಿ ಎಂದಳು.

"ಕಾಲುಚೀಲದ ಪ್ಯಾಕೆಟ್ ಮೇಲೆ ಗಾಯ ಅಂತ ಬರೆದ್ರೆ ಯಾರಮ್ಮ ಮುಟ್ತಾರೆ? ನಿಮ್ಮಕ್ಕನ ವಿಷಯ ಕೇಳಿ ಬೇಜಾರಾಯ್ತು. ಆದ್ರೆ ಹುಣ್ಣಿನ ಮೇಲೆ ಕಾಲುಚೀಲ ಹಾಕಿ ಅಂತ ನಾವು ಯಾರಿಗೂ ಹೇಳಿಲ್ಲವಲ್ಲ."

"ನಾನು ಹೇಳಿದೆ" ಎಂದಳು ಅವಳು. "ಊಟಕ್ಕೆ ಕೂತಾಗಲೆಲ್ಲ ಹೇಳಿದೆ."

ಸಾಲು ಬರಲಿಲ್ಲ. ಹುಣ್ಣಿನ ನೂಲಿನ ಕೆಲಸಕ್ಕೆ "ಆಮೇಲೆ" ಕೂಡ ಬರಲಿಲ್ಲ. ಕಾಲುಚೀಲ ಎಲ್ಲ ಅಂಗಡಿಗಳಿಗೂ ಬಂತು. ಚೆನ್ನಾಗಿದೆ, ಒಳ್ಳೆಯ ಬಾಳಿಕೆ ಎಂದು ಜನ ಇಂದಿಗೂ ಹೇಳುತ್ತಾರೆ.

ಅಕ್ಕ ಮನೆಗೆ ಬಂದ ಮೇಲೆ ಎಡಗಾಲಿನಿಂದಲೇ ಪೆಡಲು ತುಳಿಯುವುದನ್ನು ಕಲಿತಳು. ಹೊಲಿಗೆ ಮೊದಲು ಸೊಟ್ಟಗೆ ಹೋಯಿತು, ಆಮೇಲೆ ನೆಟ್ಟಗಾಯಿತು. ಒಂದು ಭಾನುವಾರ ಹುಳಿಯತ್ತೆ ಕಪಾಟಿನ ಮೇಲಿಂದ ಆ ಪೆಟ್ಟಿಗೆಯನ್ನು ಕೆಳಗಿಳಿಸಿದಳು. ಹಾಗೇ ಬಿಸಾಡಿದರೆ ಆರಿಸಿಕೊಂಡವರು ಯಾರಾದರೂ ತೊಟ್ಟಾರು ಎಂದು, ಮೊದಲು ಕತ್ತರಿಸಿ ಹಾಳು ಮಾಡಬೇಕೆಂದು ಯಂತ್ರದ ಮೇಲಿದ್ದ ಕತ್ತರಿ ಎತ್ತಿಕೊಂಡಳು.

"ಲೇ, ಅದು ಬಟ್ಟೆ ಕತ್ತರಿ! ನಿನ್ನ ಸತುವಿನ ನೂಲು ಕತ್ತರಿಸಿದ್ರೆ ಅಲಗು ಮೊಂಡಾಗುತ್ತೆ. ಇಡು ಕೆಳಗೆ."

ಅವಳು ಇಟ್ಟಳು.

"ಅದನ್ನೆಲ್ಲ ಯಾಕೆ ದಂಡ ಮಾಡ್ತೀಯ?" ಎಂದಳು ಅಕ್ಕ, ಸೂಜಿಗೆ ದಾರ ಪೋಣಿಸುತ್ತಾ. "ನನಗೆ ಇನ್ಮೇಲೆ ಒಂದು ಜೊತೆ ಅಂದ್ರೆ ಎರಡು ಜೊತೆ ಲೆಕ್ಕ."

ಭಾವ ಎದ್ದು ಹಿತ್ತಲಿಗೆ ಹೋದ. ಹುಳಿಯತ್ತೆ ಅಡುಗೆಮನೆಯಿಂದ ಚಾಕು ತಂದು, ನೆಲದ ಮೇಲೆ ಕೂತು, ಕಾಲುಚೀಲಗಳನ್ನು ಒಂದೊಂದಾಗಿ ಹಿಮ್ಮಡಿಯ ಹತ್ತಿರ ಕೊಯ್ಯತೊಡಗಿದಳು. ನೂಲು ಗಟ್ಟಿಯಾಗಿತ್ತು. ಸುಲಭಕ್ಕೆ ಹರಿಯಲಿಲ್ಲ.